ರಾಯಚೂರಿನ ಮನೆ, ಮೂರು ಜನ ಕೂರುವ ಹಳೆ ಸೋಫಾ. ಸಿನಿಮಾದ ದಪ್ಪ ಸದ್ದಿಗೆ ಸೋಫಾವನ್ನೇ ನಡುಗಿಸುವ ಬಾಸ್ ಶೇಕರನ್ನು ಕಡಿಮೆ ಖರ್ಚಿನಲ್ಲಿ ಕೂರಿಸಬಹುದೇ?

ಧಾರಾಳವಾಗಿ. ನಮ್ಮ ಕಡೆಯ ಶಹಾಬಾದ್ ಕಲ್ಲಿನ ನೆಲ ಎಂಥ ಸಬ್‌ವೂಫರಿಗೂ (ದಪ್ಪ ಸದ್ದಿನ ಸ್ಪೀಕರ್) ಜಗ್ಗುವುದಿಲ್ಲ. ಸದ್ದು ಪಕ್ಕದ ಮನೆಗೆ ಹೋಗುತ್ತದೆ, ನಡುಕ ನಿಮ್ಮ ಬೆನ್ನಿಗೆ ಬರುವುದಿಲ್ಲ. ಶೇಕರ್ ಅಂದರೆ ಕೋನ್ ಇಲ್ಲದ ಸ್ಪೀಕರ್, ಗಾಳಿಯ ಬದಲು ಮರವನ್ನೇ ಅಲುಗಿಸುತ್ತದೆ.

ಡೇಟನ್ ಆಡಿಯೊದ ಟಿಟಿ25ರಂಥ ಸಣ್ಣ ಶೇಕರ್ ಎರಡು ಸಾಕು. ಹೋಮ್ ಥಿಯೇಟರ್ ರಿಸೀವರಿನ ಸಬ್‌ವೂಫರ್ ಔಟ್‌ಗೆ ವೈ ಕೇಬಲ್ ಹಾಕಿ: ಒಂದು ಕವಲು ಸಬ್‌ವೂಫರಿಗೆ, ಇನ್ನೊಂದು ಶೇಕರ್ ನಡೆಸುವ ಸಣ್ಣ ಕ್ಲಾಸ್-ಡಿ (ಕಡಿಮೆ ಬಿಸಿಯಾಗುವ ಬಗೆಯ) ಆಂಪ್ಲಿಫೈಯರಿಗೆ. ಕ್ರಾಸ್‌ಓವರ್, ಅಂದರೆ ಶೇಕರಿಗೆ ಹೋಗುವ ಸದ್ದಿನ ಮೇಲ್ಮಿತಿ, 80 ಹರ್ಟ್ಸ್‌ಗೆ ಇಡಿ, ಇಲ್ಲದಿದ್ದರೆ ಹೀರೋ ಮಾತಾಡಿದರೂ ಸೋಫಾ ಗುಂಯ್‌ಗುಡುತ್ತದೆ. 8 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಶೇಕರ್ ಎರಡನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್. ಆಂಪ್ ಅದನ್ನು ತಾಳಬೇಕು.

ಎಲ್ಲಕ್ಕಿಂತ ಮುಖ್ಯ ಕೂರಿಸುವ ಜಾಗ. ನಾನು ಮೊದಲು ಸೋಫಾ ಅಡಿಯ ತೆಳು ಪ್ಲೈವುಡ್‌ಗೆ ಸ್ಕ್ರೂ ಬಿಗಿದಿದ್ದೆ. ವಾರದಲ್ಲೇ ಸಡಿಲಾಗಿ, ಚಿಲ್ಲರೆ ತುಂಬಿದ ಡಬ್ಬಿಯಂತೆ ಗಲಗಲ! ಆಮೇಲೆ ಬಡಿಗೇರರನ್ನು ಕರೆಸಿ, ಚೌಕಟ್ಟಿಗೆ ಅಡ್ಡಲಾಗಿ ದಪ್ಪ ಸಾಗುವಾನಿ ಪಟ್ಟಿ ಹೊಡೆಸಿ, ಅದಕ್ಕೆ ನಟ್-ಬೋಲ್ಟ್ ಹಾಕಿಸಿದೆ. ಕಾಲುಗಳ ಕೆಳಗೆ ರಬ್ಬರ್ ಬಿಲ್ಲೆ ಇಡಿ, ನಡುಕ ಸೋಫಾದಲ್ಲೇ ಉಳಿಯುತ್ತದೆ.

ವಾಲ್ಯೂಮ್? ಶೇಕರ್ ಇದೆ ಅಂತ ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ಒಂಚೂರು ಇಳಿಸಿ.