ನೀರು ಕಾದಿರುತ್ತಿತ್ತು, ಸರಿ; ಕಾಯಿಸಿದ್ದು ಯಾರು ಮೇಷ್ಟ್ರೇ?

ಹಾಸನದಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ವಯಸ್ಸು ಎಪ್ಪತ್ತು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಅವರು ಹುಟ್ಟಿ ಬೆಳೆದ ಮನೆಯಲ್ಲಿ ಇಪ್ಪತ್ತೆರಡು ಜನ. ಬಾಗಿಲಿಗೆ ಬೀಗ ಇರಲಿಲ್ಲ. ಹಿತ್ತಲ ಬಾವಿಯ ನೀರು ಎಳನೀರಿನ ಹಾಗೆ. ಯಾರೂ ಹಸಿದು ಮಲಗುತ್ತಿರಲಿಲ್ಲ. ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟಿನ ರುಚಿ ಈಗ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ. ಬಿಪಿ, ಶುಗರ್ ಎಂಬ ಮಾತೇ ಇರಲಿಲ್ಲ. ಈಗ ಮಗನ ಮನೆಯಲ್ಲಿ ಎಲ್ಲ ಇದೆ, ಮಾತಾಡುವವರಿಲ್ಲ. ಕೊನೆಗೆ ಒಂದು ಪ್ರಶ್ನೆ: "ತಲೆಮಾರಿನಿಂದ ತಲೆಮಾರಿಗೆ ಸಮಾಜ ಸುಧಾರಿಸುತ್ತಿದೆ ಎಂದು ನಿಮ್ಮ ಪತ್ರಿಕೆ ಬರೆಯುತ್ತಲೇ ಇರುತ್ತದೆ. ನೀವು ನಿಜವಾಗಿ ನಂಬುತ್ತೀರಾ?"

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದಿದೆ, ಗಂಟಲು ಕಟ್ಟಿತು. ಎರಡನೇ ಸಲ ಕೈಯಲ್ಲಿ ಕೆಂಪು ಪೆನ್ನಿತ್ತು. ಹಳೇ ಚಟ. ಆಗ ಕೆಲವು ವಾಕ್ಯಗಳ ಕೆಳಗೆ ಗೆರೆ ಬಿತ್ತು. "ನಾವು ಏಳುವಷ್ಟರಲ್ಲಿ ಹಂಡೆಯಲ್ಲಿ ನೀರು ಕಾದಿರುತ್ತಿತ್ತು." "ಎಷ್ಟು ಹೊತ್ತಿಗೆ ಯಾರು ಬಂದರೂ ಅನ್ನ ಇರುತ್ತಿತ್ತು." "ಹಿತ್ತಲು ಚೊಕ್ಕಟವಾಗಿರುತ್ತಿತ್ತು."

ಮೂವತ್ತು ವರ್ಷ ಮಕ್ಕಳಿಗೆ 'ಕರ್ತೃಪದ ಗುರುತಿಸಿ' ಎಂದು ಪ್ರಶ್ನೆ ಕೊಟ್ಟವರು ನೀವು. ಇಲ್ಲಿ ಗುರುತಿಸಿ ನೋಡೋಣ. ವ್ಯಾಕರಣದ ಪ್ರಕಾರ ನೀರೇ ಕರ್ತೃ, ಒಪ್ಪಿದೆ. ಆದರೆ ನೀರು ತಾನಾಗಿ ಬಾವಿಯಿಂದ ಎದ್ದು ಬಂದು ಹಂಡೆಯಲ್ಲಿ ಕೂತು ಕಾಯಿತೇ? ಆರು ಪುಟದಲ್ಲಿ ಮರ ಹತ್ತಿದವರಿದ್ದಾರೆ, ಇಸ್ಪೀಟು ಆಡಿದವರಿದ್ದಾರೆ, ಜಗಲಿ ಮೇಲೆ ರಾಮಾಯಣ ಓದಿದ ತಾತ ಇದ್ದಾರೆ. ನೀರು ಸೇದಿದವರು ಒಬ್ಬರೂ ಇಲ್ಲ.

ನಿಮ್ಮನ್ನು ಆಡಿಕೊಳ್ಳುತ್ತಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಹದಿನೈದು ವರ್ಷದ ಹಿಂದೆ ದೀಪಾವಳಿ ಸಂಚಿಕೆಗೆ ನೀರು ತುಂಬುವ ಹಬ್ಬದ ಬಗ್ಗೆ ಬರೆದಿದ್ದೆ. ಬೆಳಗಿದ ಹಂಡೆ, ಅದಕ್ಕೆ ಸುತ್ತಿದ ಬಳ್ಳಿ, ಬಚ್ಚಲೊಲೆಯ ಹೊಗೆ, ಎಲ್ಲ ಇತ್ತು. ತುಂಬಾ ಜನ ಮೆಚ್ಚಿ ಬರೆದರು. ನಮ್ಮ ಸೋದರತ್ತೆ ಓದಿ, ಕನ್ನಡಕ ತೆಗೆದಿಟ್ಟು ಹೇಳಿದರು: "ಚೆನ್ನಾಗಿ ಬರೆದಿದ್ದೀಯ ಕಣೋ. ಆ ಹಂಡೆಗೆ ಎಂಟು ಕೊಡ ನೀರು ಹಿಡೀತಿತ್ತು. ಮನೆಮಂದಿ ಎಲ್ಲ ಎಣ್ಣೆ ಸ್ನಾನ ಮುಗಿಸೋ ಹೊತ್ತಿಗೆ ನಾಲ್ಕು ಸಲ ತುಂಬಬೇಕಾಗಿತ್ತು. ನಿಂಗೆ ಹೇಗೆ ಗೊತ್ತಿರುತ್ತೆ ಬಿಡು."

ಎಂಟು ನಾಲ್ಕಲಿ ಮೂವತ್ತೆರಡು ಕೊಡ. ಅದನ್ನು ಸೇದಿದ ಹುಡುಗಿಗೆ ಆಗ ಹನ್ನೆರಡು ವರ್ಷ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಮನೆಯಲ್ಲಿ ಕೆಲಸ ಇತ್ತಲ್ಲ. 1951ರ ಜನಗಣತಿಯಲ್ಲಿ ಓದು ಬರಹ ಬಲ್ಲ ಹೆಂಗಸರು ದೇಶದಲ್ಲಿ ನೂರಕ್ಕೆ ಒಂಬತ್ತು ಜನವೂ ಇರಲಿಲ್ಲ. ಅಂದರೆ ಓದು ಬಾರದ ತೊಂಬತ್ತೊಂದಕ್ಕಿಂತ ನಾಲ್ಕನೇ ಕ್ಲಾಸಿನ ನಮ್ಮತ್ತೆ ವಾಸಿ! 2011ರ ಹೊತ್ತಿಗೆ ಆ ಒಂಬತ್ತು ಅರವತ್ತೈದಾಗಿತ್ತು.

ಹಾಗಾದರೆ ಅತ್ತೆಗೆ ಆ ಕಾಲ ಬೇಡವೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಬಾವಿಕಟ್ಟೆ ಮಾತು ಬೇಕು ಅನ್ನಿಸುತ್ತೆ. ಹಗ್ಗ ಬೇಡ" ಎಂದರು. ನಮ್ಮ ಪತ್ರಿಕೆ ಈ ವಿಷಯದ ಮೇಲೆ ಹಾಕಿದ ಲೇಖನಗಳೆಲ್ಲ ಸೇರಿ ಇಷ್ಟು ಹೇಳಿಲ್ಲ.

ಇನ್ನು ಚೊಕ್ಕಟವಾದ ಹಿತ್ತಲು. ಹಳೇ ಪೇಟೆ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇರುತ್ತಿತ್ತು, ನಿಮ್ಮ ಮನೆಯ ಹಿಂದೆಯೂ ಇದ್ದಿರಬಹುದು. ಬೆಳಗ್ಗೆ ಆ ಗಲ್ಲಿಯಿಂದ ಒಬ್ಬರು ಬಂದು, ಕಕ್ಕಸಿನ ಮಲ ಬಾಚಿ, ತಲೆ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಅವರ ಹೆಸರು ಮನೆಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಬೀಗ ಇಲ್ಲದ ಆ ಮುಂಬಾಗಿಲಿನಿಂದ ಅವರು ಒಳಗೆ ಬರಬಹುದಿತ್ತೇ? 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧ ಮಾಡಿಸಿದರು. ಕೇಂದ್ರದ ಕಾನೂನು ಬಂದಿದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಮತ್ತೊಂದು. ಇಷ್ಟಾಗಿಯೂ ಮ್ಯಾನ್‌ಹೋಲಿಗೆ ಇಳಿದು ಜನ ಸಾಯುತ್ತಲೇ ಇದ್ದಾರೆ. ಇದನ್ನು ಸುಧಾರಣೆ ಅನ್ನಬೇಕೋ ಬೇಡವೋ, ನೀವೇ ಹೇಳಿ. ನಾನು ಅನ್ನುತ್ತೇನೆ, ಆದರೆ ದನಿ ತಗ್ಗಿಸಿ.

ಉಪ್ಪಿಟ್ಟಿನ ವಿಷಯಕ್ಕೆ ಬರೋಣ. ಅದರ ರುಚಿ ನನ್ನ ನಾಲಿಗೆಯ ಮೇಲೂ ಇದೆ. ಹಳದಿ ಬಣ್ಣ, ಒಂಥರಾ ವಾಸನೆಯ ಎಣ್ಣೆ, ಜೊತೆಗೆ ಹಾಲಿನ ಪುಡಿ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದೆವು. ಆದರೆ ಮೇಷ್ಟ್ರೇ, ಆ ಗೋಧಿ ನುಚ್ಚು ನಮ್ಮ ಹೊಲದ್ದಲ್ಲ. ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. 1965 ಮತ್ತು 1966, ಒಂದರ ಹಿಂದೆ ಒಂದು ಬರ. ದೇಶದ ಆಹಾರಧಾನ್ಯ ಒಂದೇ ವರ್ಷದಲ್ಲಿ 8.9 ಕೋಟಿ ಟನ್‌ನಿಂದ 7.2 ಕೋಟಿ ಟನ್‌ಗೆ ಇಳಿಯಿತು. ಸೋಮವಾರ ರಾತ್ರಿ ಒಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಕೇಳಿಕೊಂಡಿದ್ದು ಆಗಲೇ. ನಿಮ್ಮ ಮನೆಯಲ್ಲಿ ಯಾರೂ ಹಸಿದು ಮಲಗಲಿಲ್ಲ ಎಂಬುದನ್ನು ನಂಬುತ್ತೇನೆ. ಗದ್ದೆ ಇದ್ದ ಮನೆ ನಿಮ್ಮದು. ಆ ಗದ್ದೆ ಉತ್ತ ಗೇಣಿದಾರನ ಮನೆಯಲ್ಲೂ ಹಾಗೇ ಇತ್ತಾ? ಅವರ ಮಕ್ಕಳಿಗೆ ಶಾಲೆಯ ಉಪ್ಪಿಟ್ಟೇ ದಿನದ ದೊಡ್ಡ ಊಟ. ನಮಗೆ ಅದು ಸಂಭ್ರಮ, ಅವರಿಗೆ ಹೊಟ್ಟೆ. ಒಂದೇ ಸಾಲಿನಲ್ಲಿ ಕೂತು ತಿಂದಿದ್ದೇವೆ, ಅವರೂ ಇವತ್ತು ಅದೇ ಉಪ್ಪಿಟ್ಟನ್ನು ನೆನೆಸಿಕೊಳ್ಳುತ್ತಾರೆ, ಬೇರೆ ಕಾರಣಕ್ಕೆ.

ಬಿಪಿ, ಶುಗರ್ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಅಳೆಯುವವರು ಇರಲಿಲ್ಲ. ಆ ವಯಸ್ಸು ತಲುಪುವವರೂ ಕಮ್ಮಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮವರ ಸರಾಸರಿ ಆಯಸ್ಸು ಸುಮಾರು 32 ವರ್ಷ, ಈಗ ಸುಮಾರು 70. ಆ ಸರಾಸರಿಯನ್ನು ಅಷ್ಟು ಕೆಳಗೆ ಎಳೆದದ್ದು ಕೂಸುಗಳ ಸಾವು. ಹಳೇ ಕಾಲದ ಅಜ್ಜಿಯನ್ನು ಮಕ್ಕಳೆಷ್ಟು ಎಂದು ಕೇಳಿದರೆ "ಹುಟ್ಟಿದ್ದು ಒಂಬತ್ತು, ಉಳಿದಿದ್ದು ಐದು" ಎನ್ನುತ್ತಿದ್ದರು, ತೆಂಗಿನಕಾಯಿ ಲೆಕ್ಕ ಹೇಳಿದ ಹಾಗೆ. 1971ರಲ್ಲೂ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28.

ಇಷ್ಟು ಓದಿ "ಎಲ್ಲ ಸುಧಾರಿಸಿದೆ ಅಂತ ಬರೆದುಬಿಡ್ತಾನೆ" ಅಂದುಕೊಳ್ಳಬೇಡಿ. ಕೆಟ್ಟದ್ದೂ ಇದೆ, ಚೆನ್ನಾಗಿಯೇ ಕೆಟ್ಟಿದೆ. ನಿಮ್ಮ ಬಾವಿಯನ್ನೇ ತೆಗೆದುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಗ್ಗಕ್ಕೆ ಸಿಗುತ್ತಿದ್ದ ನೀರಿಗೆ ಈಗ ಸಾವಿರ ಅಡಿ ಕೊರೆಸಬೇಕು, ಕೊರೆಸಿದರೂ ಫ್ಲೋರೈಡ್. ಇನ್ನೊಂದು ಇದಕ್ಕಿಂತ ಘೋರ. 1961ರಲ್ಲಿ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 976 ಹೆಣ್ಣುಮಕ್ಕಳಿದ್ದರು. 2001ರಲ್ಲಿ 927. ಆ ನಲವತ್ತು ವರ್ಷಗಳಲ್ಲಿ ಶಾಲೆ ಹೆಚ್ಚಾದವು, ಆಸ್ಪತ್ರೆ ಹೆಚ್ಚಾದವು, ಹೆಣ್ಣುಕೂಸುಗಳು ಕಮ್ಮಿಯಾದವು. ಭ್ರೂಣದ ಲಿಂಗ ಪತ್ತೆ ತಡೆಯುವ ಕಾನೂನು ಬಂದಿದ್ದು 1994ರಲ್ಲಿ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಅದನ್ನೇ ಮಾಡುತ್ತಿದ್ದುದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗ! ಆ ಸುದ್ದಿ ಬಂದ ದಿನ ನಮ್ಮ ಆಫೀಸಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ನಿಮ್ಮ ಪತ್ರದ ಕೊನೇ ಸಾಲಿನಲ್ಲಿ "ಕಾಲ ಕೆಟ್ಟುಹೋಯಿತು" ಎಂದಿದೆ. ಅಲ್ಲಿಗೂ ಕೆಂಪು ಗೆರೆ ಎಳೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಇದು ಹಳೇ ಮಾತು. ಪೂಜೆಗೆ ಕೂತು ಸಂಕಲ್ಪ ಮಾಡುವಾಗ 'ಕಲಿಯುಗೇ ಪ್ರಥಮ ಪಾದೇ' ಎನ್ನುತ್ತೇವೆ. ಯುಗ ಒಟ್ಟು 4,32,000 ವರ್ಷದ್ದಂತೆ, ಆಗಿರುವುದು ಐದು ಸಾವಿರ ಚಿಲ್ಲರೆ. ಇನ್ನೂ ಎಷ್ಟು ಕೆಡಲಿಕ್ಕಿದೆ ನೋಡಿ! ಆದರೆ ಕಾಲ ಬಾವಿ ಬತ್ತಿಸಲಿಲ್ಲ. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ, ಕೆರೆಗೆ ನೀರು ಬರುವ ಕಾಲುವೆ ಮುಚ್ಚಿ ಮನೆ ಕಟ್ಟಿದವರು ಬತ್ತಿಸಿದರು. ನಾನೂ ಒಂದು ಕೊರೆಸಿದ್ದೇನೆ.

"ಕಾಲ ಸುಧಾರಿಸಿತು" ಎಂದು ನಮ್ಮ ಪತ್ರಿಕೆ ಬರೆದಾಗಲೂ ತಪ್ಪು ಅದೇ. ಹೊಲ ಉಳುವವನ ಹೆಸರಿಗೆ ಬಂದಿದ್ದು ಕಾಲದಿಂದಲ್ಲ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿ ರೈತರು ಗದ್ದೆಗೆ ಇಳಿದು ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಅದಾಗಿ ಇಪ್ಪತ್ತಮೂರು ವರ್ಷಕ್ಕೆ, 1974ರಲ್ಲಿ, ಭೂಸುಧಾರಣೆ ಕಾನೂನಿಗೆ ಹಲ್ಲು ಬಂತು. ಪೋಲಿಯೊ ತಾನಾಗಿ ಓಡಿಹೋಗಲಿಲ್ಲ. ದೇಶದ ಕೊನೇ ಪ್ರಕರಣ ಜನವರಿ 2011ರದ್ದು. ಅದರ ಹಿಂದೆ ಐಸ್ ಡಬ್ಬ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ಮನೆಮನೆ ಬಾಗಿಲು ತಟ್ಟಿದ ಅಂಗನವಾಡಿ, ಆಶಾ ಹೆಣ್ಣುಮಕ್ಕಳಿದ್ದಾರೆ. ಅವರ ಹೆಸರೂ ನಮಗೆ ಗೊತ್ತಿಲ್ಲ, ಅಲ್ವಾ? ಆ ಗಲ್ಲಿಯವರ ಹೆಸರು ಗೊತ್ತಿಲ್ಲದ ಹಾಗೆಯೇ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸಮಾಜ ಸುಧಾರಿಸುತ್ತದೆ ಎಂದು ನಾನು ನಂಬುವುದಿಲ್ಲ. ಸುಧಾರಿಸಿದವರು ಇದ್ದರು ಎಂದು ಗೊತ್ತು.

ಮಾತಾಡುವವರಿಲ್ಲ ಎಂದು ಬರೆದಿದ್ದೀರಲ್ಲ, ಅದಕ್ಕೆ ನನ್ನ ಹತ್ತಿರ ಅಂಕಿ ಅಂಶ ಇಲ್ಲ, ಇದ್ದರೂ ಕೊಡುತ್ತಿರಲಿಲ್ಲ. ಆ ಸಾಲಿಗೆ ಗೆರೆ ಎಳೆದಿಲ್ಲ.

ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ, ಒಂದಕ್ಷರವೂ ಕತ್ತರಿಸದೆ. ಒಂದೇ ಒಂದು ಕೋರಿಕೆ. ಮೂರನೇ ಪುಟದಲ್ಲಿ ಅರ್ಧ ಸಾಲಿನಷ್ಟು ಜಾಗದಲ್ಲಿ ನಿಮ್ಮ ಅಕ್ಕ ಬಂದು ಹೋಗುತ್ತಾರೆ. ಶಿವಮೊಗ್ಗದಲ್ಲಿದ್ದಾರೆ, ಎಪ್ಪತ್ತೆಂಟು ವರ್ಷ, ಕಿವಿ ಚುರುಕಾಗಿದೆ ಎಂದಿದ್ದೀರಿ. ಅವರಿಗೊಂದು ಫೋನ್ ಮಾಡಿ. ನಿಮ್ಮ ಮನೆಯ ಹಂಡೆಗೆ ಎಷ್ಟು ಕೊಡ ನೀರು ಹಿಡಿಯುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ, ಬೈದರೆ ಅದನ್ನೂ ಸೇರಿಸಿ.

— ಸಂ.