ಎವರೆಸ್ಟ್ ಹತ್ತಲು ಯತ್ನಿಸಿದ ಸೇನಾ ವೈದ್ಯ ಹೊವಾರ್ಡ್ ಸೊಮರ್ವೆಲ್ ಯಾರು? ದಕ್ಷಿಣ ಭಾರತಕ್ಕೂ ಅವರಿಗೂ ಏನು ನಂಟು?

ಸೊಮರ್ವೆಲ್ (1890–1975) ಇಂಗ್ಲೆಂಡಿನವರು. ಬೆಟ್ಟ ಹತ್ತುವುದು, ಚಿತ್ರ ಬರೆಯುವುದು ಅಂದ್ರೆ ಪ್ರಾಣ. ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನಲ್ಲಿ ನಡೆದ 1916ರ ಸೊಮ್ ಕದನದಲ್ಲಿ ಸೇನಾ ಸರ್ಜನ್. ಡೇರೆಯ ಹೊರಗೆ ಸಾವಿರಾರು ಗಾಯಾಳುಗಳು ಬಿದ್ದಿದ್ದರು, ಒಳಗೆ ಬೆರಳೆಣಿಕೆಯ ವೈದ್ಯರು. ಅಲ್ಲಿಂದ ಅವರು ಯುದ್ಧವನ್ನೇ ದ್ವೇಷಿಸತೊಡಗಿದರು.

1922ರಲ್ಲಿ ಎವರೆಸ್ಟ್ ಯಾತ್ರೆ ಮುಗಿಸಿ ಭಾರತ ಸುತ್ತಲು ಹೊರಟರು. ಆಗ ತಿರುವಾಂಕೂರಿಗೆ ಸೇರಿದ್ದ, ಈಗ ತಮಿಳುನಾಡಿನಲ್ಲಿರುವ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ರೋಗಿಗಳ ಸಾಲು ಕಂಡು ಅಲ್ಲೇ ಕೆಲಸ ಮಾಡಲು ನಿರ್ಧರಿಸಿದರು. ಲಂಡನ್ನಿನ ಒಳ್ಳೆ ಅವಕಾಶ ಬಿಟ್ಟು! ಮುಂದೆ ವೆಲ್ಲೂರಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠವನ್ನೂ ಹೇಳಿದರು.

ಮರೆಯಲಾಗದ್ದು 1924ರ ಎವರೆಸ್ಟ್ ಯಾತ್ರೆಯ ಘಟನೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ ಸುಮಾರು 8,500 ಮೀಟರ್ ಏರಿದ್ದರು. ಇಳಿಯುವಾಗ ಉಸಿರೇ ಕಟ್ಟಿತು. ಮುಂದೆ ಹೋಗುತ್ತಿದ್ದ ಜೊತೆಗಾರ ನಾರ್ಟನ್, ಇವರು ಸುಮ್ನೆ ಚಿತ್ರ ಬರೆಯಲು ನಿಂತಿರಬೇಕು ಅಂದುಕೊಂಡರಂತೆ. ಇವರೋ ಸಾಯಲು ಸಿದ್ಧರಾಗಿ ಹಿಮದ ಮೇಲೆ ಕೂತುಬಿಟ್ಟಿದ್ದರು. ಕೊನೆಗೆ ಎರಡೂ ಕೈಯಿಂದ ಎದೆ ಒತ್ತಿಕೊಂಡಾಗ, ಗಂಟಲಲ್ಲಿ ಸಿಕ್ಕಿದ್ದ ತುಂಡು ಹೊರಬಿತ್ತು. ಹಿಮಗಟ್ಟಿ ಕಳಚಿದ ಗಂಟಲಿನ ಒಳಪೊರೆ ಅದು! ಕೆಲವೇ ದಿನಗಳಲ್ಲಿ ಅದೇ ತಂಡದ ಮ್ಯಾಲರಿ, ಸೊಮರ್ವೆಲ್ ಅವರದೇ ಕ್ಯಾಮೆರಾ ಹಿಡಿದು ಶಿಖರದತ್ತ ಹೋದರು, ಮರಳಿ ಬರಲಿಲ್ಲ. ಆ ಕ್ಯಾಮೆರಾ ಇನ್ನೂ ಸಿಕ್ಕಿಲ್ಲ.