ಮಗಳ ಟ್ಯಾಬ್‌ನ ಫಿಲ್ಟರ್ ತೆಗೆದುಬಿಡಲೇ?

ಪ್ರಶ್ನೆ: ಮಗಳಿಗೆ 11 ವರ್ಷ. ಒಂದು ಕಡೆಯ ಎದೆಯಲ್ಲಿ ಸಣ್ಣ ಗಂಟಾಗಿದೆ, ಮುಟ್ಟಿದರೆ ನೋವಂತೆ. ನನಗೆ ಹೇಳದೆ ಟ್ಯಾಬ್‌ನಲ್ಲಿ ಹುಡುಕಿದ್ದಾಳೆ. ಮೈದುನ ಹಾಕಿಕೊಟ್ಟ ಫಿಲ್ಟರ್ ಯಾವ ಪುಟವನ್ನೂ ತೆರೆಯಲು ಬಿಟ್ಟಿಲ್ಲ. ಕೆಟ್ಟದ್ದೇನೋ ಹುಡುಕಿಬಿಟ್ಟೆ ಅಂತ ಒಂದು ಹೆದರಿಕೆ, ಕ್ಯಾನ್ಸರ್ ಇರಬಹುದು ಅಂತ ಇನ್ನೊಂದು. ರಾತ್ರಿ ಅಳುತ್ತಿದ್ದಳು. ಫಿಲ್ಟರ್ ತೆಗೆದುಬಿಡಲೇ? ತೆಗೆದರೆ ಹೊಲಸು ವಿಡಿಯೋ ಕಣ್ಣಿಗೆ ಬೀಳುತ್ತದೆ ಅನ್ನೋ ಭಯ.
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಗಂಟಿನ ವಿಷಯ. ಈ ವಯಸ್ಸಿನಲ್ಲಿ ಎದೆ ಬೆಳೆಯಲು ಶುರುವಾಗುವುದೇ ಹೀಗೆ. ತೊಟ್ಟಿನ ಕೆಳಗೆ ಅಂಗಿಯ ಗುಂಡಿಯಷ್ಟು ಗಟ್ಟಿ ಗಂಟು ಬರುತ್ತದೆ, ಮುಟ್ಟಿದರೆ ನೋಯುತ್ತದೆ. ಎಷ್ಟೋ ಹುಡುಗಿಯರಿಗೆ ಒಂದು ಕಡೆ ಮೊದಲು ಬಂದು, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗುತ್ತದೆ. ಕ್ಯಾನ್ಸರ್ ಭಯ ಬೇಡ. ಪದೇ ಪದೇ ಹಿಸುಕಿ ನೋಡಬೇಡಿ. ಕೆಂಪಾದರೆ, ಜ್ವರ ಬಂದರೆ, ತೊಟ್ಟಿನಿಂದ ರಕ್ತ ಬಂದರೆ ಡಾಕ್ಟರಿಗೆ ತೋರಿಸಿ. ಇದನ್ನು ಇವತ್ತೇ ಅವಳಿಗೆ ಹೇಳಿ. ಹುಡುಕಿದ್ದು ತಪ್ಪಲ್ಲ ಅಂತಲೂ ಹೇಳಿ.

ಫಿಲ್ಟರ್ ತೆಗೆಯಬೇಡಿ, ಸಡಿಲ ಮಾಡಿ. ಅಮೆರಿಕದ ಕೈಸರ್ ಫ್ಯಾಮಿಲಿ ಫೌಂಡೇಶನ್ ಅನ್ನುವ ಆರೋಗ್ಯ ಅಧ್ಯಯನ ಸಂಸ್ಥೆ 2002ರಲ್ಲಿ ಇದನ್ನೇ ಪರೀಕ್ಷಿಸಿತ್ತು. ತೀರಾ ಸಡಿಲವಾಗಿಟ್ಟ ಫಿಲ್ಟರ್‌ಗಳು ಶೇ. 87ರಷ್ಟು ಅಶ್ಲೀಲ ಪುಟಗಳನ್ನು ತಡೆದವು. ಆರೋಗ್ಯದ ಪುಟಗಳಲ್ಲಿ ಅವುಗಳಿಗೆ ಸಿಕ್ಕಿಬಿದ್ದಿದ್ದು ಶೇ. 1.4 ಮಾತ್ರ. ತೀರಾ ಬಿಗಿ ಮಾಡಿದಾಗ ಅಶ್ಲೀಲ ಪುಟಗಳ ಲೆಕ್ಕ ಶೇ. 91ಕ್ಕೆ ಹೋಯಿತು, ಅಷ್ಟೇ. ಆದರೆ ಆರೋಗ್ಯದ ಪುಟಗಳಲ್ಲಿ ಶೇ. 24 ಮುಚ್ಚಿಹೋದವು! ಇದು ಹಳೆಯ ಲೆಕ್ಕ, ಈಗಿನ ಫಿಲ್ಟರ್‌ಗಳು ಬೇರೆ. ಆದರೂ ನಿಮ್ಮ ಮನೆಯಲ್ಲಿ ಆಗಿದ್ದೂ ಅದೇ ಅಲ್ವಾ? ಬರೀ ಪದ ನೋಡಿ ತಡೆಯುವ ಫಿಲ್ಟರ್‌ಗೆ 'ಎದೆ' ಅಂದರೆ ಎಲ್ಲ ಒಂದೇ. ಕೇಳುತ್ತಿರುವುದು ಹೆದರಿದ ಮಗು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಮೈದುನನಿಗೆ ಹೇಳಿ ಬಿಗಿಯನ್ನು ಒಂದು ಹಂತ ಇಳಿಸಿ. ಹುಡುಕಿದಾಗ ಅಶ್ಲೀಲ ಪುಟಗಳನ್ನು ಮರೆಮಾಡುವ ಗೂಗಲ್‌ನ ಸೇಫ್‌ಸರ್ಚ್ ಹಾಗೇ ಇರಲಿ. ಮುಟ್ಟು, ಬಿಳಿ ಸೆರಗು, ಎದೆ ಬೆಳವಣಿಗೆ, ಈ ಪದಗಳನ್ನು ನೀವೇ ಹಾಕಿ ನೋಡಿ. ಯಾವ ಒಳ್ಳೆಯ ಪುಟ ತೆರೆಯುವುದಿಲ್ಲವೋ ಅದನ್ನು ಅನುಮತಿ ಪಟ್ಟಿಗೆ ಸೇರಿಸಿ.

ಇದೆಲ್ಲ ಶಾಲೆಯಲ್ಲೇ ಸಿಗಬೇಕಿತ್ತು. 2007ರಲ್ಲಿ ನಮ್ಮ ರಾಜ್ಯ ಲೈಂಗಿಕ ಶಿಕ್ಷಣಕ್ಕೇ ತಡೆ ಹಾಕಿತು, ನನಗೆ ಇವತ್ತಿಗೂ ಬೇಜಾರಿದೆ.

ನಿಮ್ಮ ಹತ್ತಿರ ಕೇಳಲು ಅವಳಿಗೆ ನಾಚಿಕೆಯಾದರೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ವಿಚಾರಿಸಿ. ಅದು ಇರುವುದೇ 10ರಿಂದ 19 ವರ್ಷದ ಮಕ್ಕಳಿಗಾಗಿ. ಅವಳು ಮಾತಾಡುವಾಗ ನೀವು ಹೊರಗೆ ಕೂತಿರಿ.